ಹುಡ್ಡಿನ ಹಿಂದಿನ ಕಿಟಕಿ: ಪ್ಲಾಸ್ಟಿಕ್ ಸಾಕೇ, ಗಾಜು ಬೇಕೇ?

ಬಟ್ಟೆಯ ಹುಡ್ ಹೊದ್ದ ಜೀಪಿನಲ್ಲಿ ಎಲ್ಲಕ್ಕಿಂತ ಮೊದಲು ಸೋಲುವುದು ಹಿಂದಿನ ಕಿಟಕಿ. ಎಂಜಿನ್ ಗಟ್ಟಿಯಾಗಿರುತ್ತದೆ, ಹುಡ್ಡಿನ ಬಟ್ಟೆಗೂ ಇನ್ನೆರಡು ಮಳೆಗಾಲ ತಾಳುವ ಕಸುವಿರುತ್ತದೆ. ಹಿಂದಿನ ಪ್ಲಾಸ್ಟಿಕ್ ಹಾಳೆ ಮಾತ್ರ ಹಳದಿಗಟ್ಟಿ, ಗೀರುಬಿದ್ದು, ಮಡಿಕೆಯ ಜಾಗದಲ್ಲಿ ಸೀಳು ಬಿಟ್ಟಿರುತ್ತದೆ. ಹೊಸ ಪ್ಲಾಸ್ಟಿಕ್ ಹೊಲಿಸಿಕೊಂಡು ಸುಮ್ಮನಾಗಬೇಕೋ, ಒಂದು ಸಲ ಕೈ ಬಿಚ್ಚಿ ಗಾಜನ್ನೇ ಕೂರಿಸಬೇಕೋ ಎಂಬ ಪ್ರಶ್ನೆ ಆಗ ಏಳುತ್ತದೆ. ಉತ್ತರ ಗಾಜಿನ ಬೆಲೆಯಲ್ಲಿದೆ ಎಂದು ಹೆಚ್ಚಿನವರು ತಿಳಿಯುತ್ತಾರೆ. ನಿಜಕ್ಕೂ ಅದು ಇರುವುದು ಬಟ್ಟೆಯ ಆಯುಸ್ಸಿನಲ್ಲಿ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಸೀಮೆಯಲ್ಲಿ ಈ ಪ್ರಶ್ನೆ ಬೇರೆ ಕಡೆಗಿಂತ ಬೇಗ ಎದುರಾಗುತ್ತದೆ. ಇಲ್ಲಿನ ಬಿಸಿಲು ಅಂಥದ್ದು. ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲು, ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಎದ್ದು ನಿಂತದ್ದೂ ಈ ಬಿಸಿಲನ್ನು ನಂಬಿಯೇ. ಮೊದಲ ಹಂತ ಉದ್ಘಾಟನೆಯಾದದ್ದು 2018ರ ಮಾರ್ಚ್ 1ರಂದು. ರೈತರ ಜಮೀನನ್ನು ಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದು ಕಟ್ಟಿದ ಪಾರ್ಕ್ ಅದು. ಮಳೆ ಕೈಕೊಟ್ಟ ನೆಲದಲ್ಲಿ ಬಿಸಿಲೇ ಬೆಳೆಯಾಯಿತು ಎಂದು ಸುತ್ತಲಿನವರು ಹೇಳುವುದುಂಟು. ಆ ಬೆಳೆ ಕೊಡುವ ಬಿಸಿಲೇ ಹಾದಿಬದಿಗೆ ನಿಲ್ಲಿಸಿದ ಜೀಪಿನ ಕಿಟಕಿಯನ್ನೂ ಸುಡುತ್ತದೆ. ಕ್ಯಾತಗಾನಚೆರ್ಲಿನ ಸುತ್ತ ಸಾಲುಸಾಲಾಗಿ ಹಾಸಿರುವ ಸೋಲಾರ್ ಪ್ಯಾನಲ್‌ಗಳ ಮೈಗೆ ಪ್ಲಾಸ್ಟಿಕ್ ಅಲ್ಲ, ಗಾಜು ಹಾಕಿರುವುದೇಕೆ ಎಂಬುದನ್ನು ತಿಳಿದರೆ ಜೀಪಿನ ಲೆಕ್ಕ ಅರ್ಧ ಬಗೆಹರಿದಂತೆ.

ಜೀಪಿಗೆ ಪ್ಲಾಸ್ಟಿಕ್ ಕಿಟಕಿ ಬಂದದ್ದು ಅಗ್ಗವೆಂಬ ಒಂದೇ ಕಾರಣಕ್ಕಲ್ಲ. ಮಹೀಂದ್ರ ಸಂಸ್ಥೆ 1947ರಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ತೊಡಗಿದ ಕಾಲದಿಂದಲೂ ಈ ವಾಹನದ ಗುಣವೆಂದರೆ ಬೇಕೆಂದಾಗ ಹುಡ್ ಬಿಚ್ಚಿಡಬಹುದು, ಹಿಂದಿನ ಪರದೆಯನ್ನು ಸುತ್ತಿ ಬೆಲ್ಟಿನಲ್ಲಿ ಕಟ್ಟಬಹುದು. ಆಮೇಲಿನ ಎಂಎಂ 540, ಕಮಾಂಡರ್‌ಗಳಲ್ಲೂ ಇದೇ ಏರ್ಪಾಡು. ಕಡಲೆಕಾಯಿ ಮೂಟೆ ಹೇರುವಾಗ, ಹಿಂದಿನ ಸೀಟಿಗೆ ಜನ ಹತ್ತುವಾಗ ಪರದೆ ಮೇಲಕ್ಕೆ ಹೋಗಬೇಕು. ಸುತ್ತಿಕೊಳ್ಳುವ ಬಟ್ಟೆಯಲ್ಲಿ ಕಿಟಕಿ ಇರಬೇಕೆಂದರೆ ಆ ಕಿಟಕಿಯೂ ಬಾಗಬೇಕು. 2010ರಲ್ಲಿ ಬಂದ ಥಾರ್ ಬಟ್ಟೆಯ ಟಾಪನ್ನೇ ಹೊದ್ದು ಬಂತು. 2020ರ ಹೊಸ ಥಾರ್‌ನಲ್ಲಿ ಗಟ್ಟಿ ಟಾಪಿನ ಜೊತೆಗೆ ಮಡಚುವ ಬಟ್ಟೆ ಟಾಪಿನ ಮಾದರಿಯೂ ಇತ್ತು.

ಹೊರದೇಶದ ತೆರೆದ ಕಾರುಗಳೂ ಈ ದಾರಿ ತುಳಿದೇ ಬಂದಿವೆ. ಜಪಾನಿನ ಮಜ್ದಾ ಕಂಪನಿ 1989ರಲ್ಲಿ ತಂದ ಎಂಎಕ್ಸ್-5 ಎಂಬ ಪುಟ್ಟ ಕಾರಿನಲ್ಲಿ ಜಿಪ್ ಹಚ್ಚಿದ ಪ್ಲಾಸ್ಟಿಕ್ ಕಿಟಕಿಯಿತ್ತು. 1998ರ ಎರಡನೇ ತಲೆಮಾರಿನಲ್ಲಿ ಅದು ಗಾಜಾಯಿತು. ಪೋರ್ಶೆಯ ಬಾಕ್ಸ್‌ಟರ್ 1996ರಲ್ಲಿ ಪ್ಲಾಸ್ಟಿಕ್ ಕಿಟಕಿಯೊಂದಿಗೆ ಬಂದು, 2003ರ ಮಾದರಿಯಲ್ಲಿ ಗಾಜಿಗೆ ಬದಲಾಯಿತು. ಅಂದಿನಿಂದ ಹಳೆಯ ಕಾರಿನವರು ಹೊಸ ಮಾದರಿಯ ಗಾಜಿನ ಟಾಪನ್ನು ತಮ್ಮ ಕಾರಿಗೆ ಹಾಕಿಸುವುದು ಅಲ್ಲಿ ರೂಢಿಯಾಗಿದೆ. ಆದರೆ ಬದಲಾದದ್ದು ಬರೀ ಕಿಟಕಿಯಲ್ಲ. ಗಾಜು ಮಡಿಕೆಗೆ ಸಿಕ್ಕದೆ ಚಪ್ಪಟೆಯಾಗಿ ಕೂರುವಂತೆ ಇಡೀ ಟಾಪನ್ನೇ ಹೊಸದಾಗಿ ಹೊಲಿಯಲಾಗಿತ್ತು. ಈ ಅಂಶವನ್ನು ಮರೆತು, ಹಳೆಯ ಬಟ್ಟೆಯಲ್ಲಿ ತೂತು ಕೊಯ್ದು ಗಾಜು ಸಿಕ್ಕಿಸಿದವರೇ ಪಾಡುಪಟ್ಟದ್ದು.

ಪ್ಲಾಸ್ಟಿಕ್ ಹಾಳೆ ಹಳದಿಯಾಗುವುದು ಕೊಳೆಯಿಂದಲ್ಲ, ಒಳಗಿನಿಂದ. ಹುಡ್ಡಿಗೆ ಹೊಲಿಯುವ ಪಾರದರ್ಶಕ ಹಾಳೆ ಸಾಮಾನ್ಯವಾಗಿ ಪಿವಿಸಿ. ಪಿವಿಸಿ ಹುಟ್ಟಾ ಗಡಸು ವಸ್ತು. ಅಮೆರಿಕದ ಗುಡ್‌ರಿಚ್ ಕಂಪನಿಯಲ್ಲಿ ವಾಲ್ಡೊ ಸೆಮನ್ 1926ರಲ್ಲಿ ಅದಕ್ಕೆ ಎಣ್ಣೆಯಂಥ ಮೆತುಕಾರಿ ದ್ರವವನ್ನು ಬೆರೆಸಿ ಬಾಗುವಂತೆ ಮಾಡಿದ. ಆ ದ್ರವ ಪಿವಿಸಿಯ ಜೊತೆ ಗಟ್ಟಿಯಾಗಿ ಬೆಸೆದುಕೊಂಡಿರುವುದಿಲ್ಲ, ನಡುವೆ ಸೇರಿಕೊಂಡಿರುತ್ತದೆ ಅಷ್ಟೆ. ಬಿಸಿಲಿಗೆ ಕಾದಾಗಲೆಲ್ಲ ಚೂರುಚೂರೇ ಹೊರಬಂದು ಆರಿಹೋಗುತ್ತದೆ. ಹೊಸತರಲ್ಲಿ ಕೈಗೆ ಮೆತ್ತಗೆ ಸಿಗುತ್ತಿದ್ದ ಹಾಳೆ ಕೆಲವು ಬೇಸಿಗೆ ಕಳೆಯುವಷ್ಟರಲ್ಲಿ ಹಪ್ಪಳದಂತಾಗುವುದು ಇದರಿಂದ. ಇನ್ನೊಂದು ಕಡೆ ಬಿಸಿಲಿನ ನೇರಳಾತೀತ ಕಿರಣ ಪಿವಿಸಿಯ ಅಣುಸರಪಳಿಯಿಂದ ಹೈಡ್ರೋಜನ್ ಕ್ಲೋರೈಡನ್ನು ಕಿತ್ತು ಬಿಡುಗಡೆ ಮಾಡುತ್ತದೆ. ಉಳಿದ ಸರಪಳಿಯಲ್ಲಿ ಜೋಡಿ ಬಂಧಗಳ ಸಾಲು ಮೂಡಿ, ಅದು ನೀಲಿ ಬೆಳಕನ್ನು ನುಂಗಿಕೊಳ್ಳುತ್ತದೆ. ನೀಲಿ ಹೋದ ಬೆಳಕು ಕಣ್ಣಿಗೆ ಹಳದಿ. ಆ ಸಾಲು ಉದ್ದವಾದಂತೆ ಹಳದಿ ಕಂದಾಗುತ್ತದೆ. ಎಷ್ಟು ತಿಕ್ಕಿ ತೊಳೆದರೂ ಇದು ಹೋಗದು.

ಹಳೆಯ ಕಿಟಕಿಯ ಹೊಲಿಗೆ ಬಿಚ್ಚುವಾಗ ಇದು ಕಣ್ಣಾರೆ ಕಾಣುತ್ತದೆ. ಕುಶನ್ ಕೆಲಸದವರು ಬ್ಲೇಡಿನ ತುದಿಯಿಂದ ದಾರ ಕತ್ತರಿಸಿ, ಅಂಚಿನ ರೆಕ್ಸಿನ್ ಪಟ್ಟಿಯನ್ನು ಎತ್ತಿದಾಗ ಅದರಡಿ ಬೆರಳಗಲದ ಒಂದು ಗೆರೆ ಹೊರಬೀಳುತ್ತದೆ. ಪಟ್ಟಿಯ ಮರೆಯಲ್ಲಿದ್ದ ಆ ಪ್ಲಾಸ್ಟಿಕ್ ಇನ್ನೂ ತಿಳಿಯಾಗಿಯೇ ಇರುತ್ತದೆ, ಬಾಗಿಸಿದರೆ ಬಾಗುತ್ತದೆ. ಅದಕ್ಕೆ ತಾಗಿಯೇ ಇರುವ ಬಿಸಿಲುಂಡ ಭಾಗ ಬಾಗಿಸಿದೊಡನೆ ಬೆಳ್ಳಗೆ ಬಿರಿಯುತ್ತದೆ. ಒಂದೇ ಹಾಳೆ, ಒಂದೇ ವಯಸ್ಸು. ನೆರಳಿನಲ್ಲಿದ್ದದ್ದು ಉಳಿದಿದೆ, ಬಿಸಿಲಿಗೆ ಬಿದ್ದದ್ದು ಸತ್ತಿದೆ. ಹೊಲಿಗೆಯ ತೂತುಗಳ ಸಾಲನ್ನೂ ಅಲ್ಲೇ ನೋಡಬಹುದು. ಸೂಜಿ ಒತ್ತೊತ್ತಾಗಿ ಬಿದ್ದಿದ್ದರೆ, ಅಂಚೆಚೀಟಿಯನ್ನು ಹಾಳೆಯಿಂದ ಹರಿದುಕೊಳ್ಳಲು ತೂತಿಟ್ಟ ಹಾಗೆ, ಕಿಟಕಿ ಆ ಸಾಲಿನುದ್ದಕ್ಕೂ ಸೀಳುತ್ತದೆ. ಆದ್ದರಿಂದ ಹೊಲಿಗೆ ಸ್ವಲ್ಪ ಅಗಲವಿರಬೇಕು, ದಾರ ನೂಲಿನದಾಗಿರದೆ ಪಾಲಿಯೆಸ್ಟರ್ ಆಗಿರಬೇಕು. ನಾಲ್ಕು ಮೂಲೆಗಳನ್ನು ಚೂಪಾಗಿ ಕತ್ತರಿಸದೆ ದುಂಡಗೆ ತಿರುಗಿಸಬೇಕು, ಏಕೆಂದರೆ ಸೀಳು ಹುಟ್ಟುವುದೇ ಚೂಪು ಮೂಲೆಯಲ್ಲಿ. ಈ ಮೂರನ್ನು ಕೆಲಸದವರಿಗೆ ಮೊದಲೇ ಹೇಳಿದರೆ ಖರ್ಚು ಹೆಚ್ಚೇನೂ ಆಗದು, ಬಾಳಿಕೆ ಮಾತ್ರ ಹೆಚ್ಚುತ್ತದೆ.

ಸೋಲಾರ್ ಪ್ಯಾನಲ್ ಕೂಡ ಈ ಕಾಟದಿಂದ ಪೂರ್ತಿ ಪಾರಾದದ್ದಲ್ಲ. ಅದರ ಮೇಲ್ಮೈ ಸುಮಾರು 3.2 ಮಿಲಿಮೀಟರ್ ದಪ್ಪದ, ಹದಗೊಳಿಸಿದ ಗಾಜು. ಗಾಜಿಗೂ ಸಿಲಿಕಾನ್ ಬಿಲ್ಲೆಗಳಿಗೂ ನಡುವೆ ಇವಿಎ ಎಂಬ ಪಾರದರ್ಶಕ ಪ್ಲಾಸ್ಟಿಕ್ ಪದರವಿರುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1980ರ ದಶಕದಲ್ಲಿ ಕಟ್ಟಿದ ಕ್ಯಾರಿಸಾ ಪ್ಲೇನ್ಸ್ ಸ್ಥಾವರದಲ್ಲಿ ಕನ್ನಡಿಗಳಿಂದ ಬಿಸಿಲನ್ನು ಹೆಚ್ಚಿಸಿ ಹಾಯಿಸಿದ್ದರಿಂದ ಆ ಪದರ ಕಂದುಬಣ್ಣಕ್ಕೆ ತಿರುಗಿ, ವಿದ್ಯುತ್ ಉತ್ಪಾದನೆ ಕುಸಿದಿತ್ತು. ಆ ಪಾಠ ಕಲಿತ ಮೇಲೆ ನೇರಳಾತೀತ ಕಿರಣ ತಾಳುವ ಬೆರಕೆಗಳು ಬಂದವು. ಗಾಜಿಗೆ ಮಾತ್ರ ಆಗಲೂ ಏನೂ ಆಗಿರಲಿಲ್ಲ. ಇಪ್ಪತ್ತೈದು ವರ್ಷ ಬಯಲಲ್ಲಿ ನಿಲ್ಲಬೇಕಾದ ವಸ್ತುವಿಗೆ ಗಾಜನ್ನೇ ಹೊದಿಸುವುದು ಇದಕ್ಕೆ.

ಬಿಸಿಲಿನ ನಂತರದ ಶತ್ರು ದೂಳು. ಮಧುಗಿರಿಯ ಏಕಶಿಲಾ ಬೆಟ್ಟವನ್ನು ನೋಡಿದವರಿಗೆ ಈ ಸೀಮೆ ಎಂಥ ಕಲ್ಲಿನದೆಂದು ಹೇಳಬೇಕಾಗಿಲ್ಲ. ಗ್ರಾನೈಟ್ ಜಾತಿಯ ಈ ಕಲ್ಲು ಸವೆದು ಮಣ್ಣಾದಾಗ ಕೊನೆಗೆ ಉಳಿಯುವ ಹರಳು ಬೆಣಚು. ಗಡಸುತನದ ಮಾಪನದಲ್ಲಿ ಬೆಣಚು 7, ಕಿಟಕಿ ಗಾಜು ಸುಮಾರು 5.5, ಪ್ಲಾಸ್ಟಿಕ್ ಅವೆರಡಕ್ಕೂ ಬಹಳ ಕೆಳಗೆ. ಒಣ ಬಟ್ಟೆಯಿಂದ ಕಿಟಕಿ ಒರೆಸುವುದೆಂದರೆ ಬೆಣಚಿನ ಪುಡಿಯಿಂದ ಉಜ್ಜಿದಂತೆಯೇ. ಗಾಜಿಗೂ ಇದರಿಂದ ಗೀರು ಬೀಳುತ್ತದೆ, ಆದರೆ ನಿಧಾನವಾಗಿ. ಪ್ಲಾಸ್ಟಿಕ್ಕಿಗೆ ಒಂದೇ ಆಷಾಢದ ಗಾಳಿ ಸಾಕು.

ಗೀರಿನ ಕೆಡುಕು ಹಗಲಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ. ಸಂಜೆ ಪಾವಗಡದಿಂದ ಮಧುಗಿರಿಯ ಕಡೆಗೆ ಬರುವಾಗ ಹಿಂದಿನ ಲಾರಿಯ ಹೆಡ್‌ಲೈಟ್ ಬಿದ್ದೊಡನೆ ಒಂದೊಂದು ಗೀರೂ ಬೆಳಕನ್ನು ಚೆದುರಿಸಿ, ಇಡೀ ಕಿಟಕಿ ಬಿಳಿಯ ಪರದೆಯಾಗುತ್ತದೆ. ಹಿಂದೆ ಇರುವುದು ಒಂದು ವಾಹನವೋ ಎರಡೋ, ಹತ್ತಿರವೋ ದೂರವೋ ತಿಳಿಯುವುದಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 100ನೇ ನಿಯಮದ ಪ್ರಕಾರ ಮುಂದಿನ ಮತ್ತು ಹಿಂದಿನ ಗಾಜಿನ ಮೂಲಕ ಕನಿಷ್ಠ ಶೇ 70ರಷ್ಟು ಬೆಳಕು ಹಾಯಬೇಕು. ಆದರೆ ಹಾಯುವ ಬೆಳಕು ಬೇರೆ, ಕಾಣುವ ಚಿತ್ರ ಬೇರೆ. ಎಣ್ಣೆ ಹತ್ತಿದ ಕಾಗದದ ಮೂಲಕ ಬೇಕಾದಷ್ಟು ಬೆಳಕು ಬರುತ್ತದೆ, ಆಚೆಗಿರುವ ಮುಖ ಮಾತ್ರ ಕಾಣುವುದಿಲ್ಲ. ಹಾಗಾಗಿ ಕಿಟಕಿಗೆ ಇನ್ನೊಂದು ಪರೀಕ್ಷೆ ಬೇಕು. ಚಾಲನಾ ಪರವಾನಗಿಯ ಅರ್ಜಿಯೊಂದಿಗೆ ಕೊಡುವ ಆರೋಗ್ಯ ಘೋಷಣೆಯಲ್ಲಿ, 25 ಮೀಟರ್ ದೂರದ ನಂಬರ್ ಪ್ಲೇಟನ್ನು ಹಗಲು ಬೆಳಕಿನಲ್ಲಿ ಗುರುತಿಸಬಲ್ಲಿರಾ ಎಂಬ ಪ್ರಶ್ನೆಯಿದೆ. ಅದನ್ನೇ ಕಿಟಕಿಗೂ ಹಾಕಬಹುದು. ಜೀಪಿನೊಳಗೆ ಕುಳಿತು ಹಿಂದಿನ ಕಿಟಕಿಯಿಂದ 25 ಮೀಟರ್ ಆಚೆಯ ನಂಬರನ್ನು ಓದಲಾಗದಿದ್ದರೆ ಕಿಟಕಿಯ ಕಾಲ ಮುಗಿದಿದೆ.

ಇದೇ 100ನೇ ನಿಯಮದಲ್ಲಿ ಜೀಪು ಮತ್ತು ಆಟೊದವರಿಗೆ ಬೇಕಾದ ಒಂದು ವಿನಾಯಿತಿಯೂ ಇದೆ. ವಾಹನದ ಗಾಜು ಸುರಕ್ಷತಾ ಗಾಜೇ ಆಗಿರಬೇಕು. ಆದರೆ ಮೂರು ಚಕ್ರದ ವಾಹನಗಳಲ್ಲಿ ಮತ್ತು ಹುಡ್ ಹಾಗೂ ಪಕ್ಕದ ಪರದೆಯುಳ್ಳ ವಾಹನಗಳಲ್ಲಿ ಕಿಟಕಿಗೆ ಅಕ್ರಿಲಿಕ್ ಅಥವಾ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಕಬಹುದು. ಅಂದರೆ ಪ್ಲಾಸ್ಟಿಕ್ಕಿಗೂ ಕಾನೂನಿನ ಒಪ್ಪಿಗೆಯಿದೆ, ಸುರಕ್ಷತಾ ಗಾಜಿಗೂ ಇದೆ. ಎರಡೂ ಅಲ್ಲದ ಮೂರನೆಯದಕ್ಕೆ, ಅಂದರೆ ಫೋಟೊಗೆ ಕಟ್ಟು ಹಾಕುವ ಅಂಗಡಿಯಲ್ಲಿ ಕತ್ತರಿಸಿಕೊಡುವ ಮಾಮೂಲಿ ಗಾಜಿಗೆ ಇಲ್ಲ. ಅದು ಎಲ್ಲಕ್ಕಿಂತ ಸುಲಭವಾಗಿ, ಕಡಿಮೆ ದುಡ್ಡಿಗೆ ಸಿಗುತ್ತದೆ ಎಂಬುದೇ ಅಪಾಯ. ಒಡೆದರೆ ಕತ್ತಿಯಂಥ ಚೂರುಗಳಾಗುವ ಆ ಗಾಜಿಗೆ ಬೆನ್ನು ಕೊಟ್ಟು ಹಿಂದಿನ ಸೀಟಿನಲ್ಲಿ ಕೂರುವವರು ಹೆಚ್ಚಾಗಿ ಮಕ್ಕಳು. ಉಳಿತಾಯದ ಯಾವ ಲೆಕ್ಕವೂ ಅದನ್ನು ಸಮರ್ಥಿಸಲಾರದು.

ವಾಹನಕ್ಕೆ ಹಾಕಬೇಕಾದದ್ದು ಟಫನ್ಡ್ ಗಾಜು. ಗಾಜನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ, ಎರಡೂ ಕಡೆ ಗಾಳಿ ಊದಿ ತಟ್ಟನೆ ತಣಿಸಿದಾಗ ಮೇಲ್ಮೈ ಬಿಗಿದುಕೊಂಡು ಮಾಮೂಲಿ ಗಾಜಿನ ನಾಲ್ಕೈದು ಪಟ್ಟು ಬಲ ಬರುತ್ತದೆ. ಒಡೆದರೂ ಕಲ್ಲುಸಕ್ಕರೆಯಂತೆ ಮೊಂಡು ಹರಳುಗಳಾಗಿ ಉದುರುತ್ತದೆ. ಇದಕ್ಕೊಂದು ಕಟ್ಟುಪಾಡಿದೆ: ಹದಗೊಳಿಸಿದ ಮೇಲೆ ಇದನ್ನು ಕತ್ತರಿಸುವಂತಿಲ್ಲ, ತೂತು ಕೊರೆಯುವಂತಿಲ್ಲ. ಮುಟ್ಟಿದರೆ ಇಡೀ ಹಾಳೆ ಪುಡಿಯಾಗುತ್ತದೆ. ಮೊದಲೇ ಅಳತೆ ಕೊಟ್ಟು, ಕುಲುಮೆ ಇರುವ ಕಡೆ ಮಾಡಿಸಿ ತರಬೇಕು. ಪಾವಗಡದ ಕಡೆಯವರಿಗೆ ಇದು ನೂರು ಕಿಲೊಮೀಟರ್ ಆಸುಪಾಸಿನ ತುಮಕೂರಿಗೋ, ಇನ್ನೂ ಮುಂದೆ ಬೆಂಗಳೂರಿಗೋ ಎರಡು ಸಲದ ಓಡಾಟ. ಅಳತೆ ಒಂದು ಸೆಂಟಿಮೀಟರ್ ತಪ್ಪಿದರೆ ಮೂರನೆಯ ಸಲ. ಈ ಓಡಾಟದ ಡೀಸೆಲ್ಲೂ ಜೀಪು ನಿಂತ ದಿನಗಳ ದುಡಿಮೆಯೂ ಗಾಜಿನ ಬಿಲ್ಲಿನಲ್ಲಿ ಕಾಣುವುದಿಲ್ಲ.

ತೂಕದ ವಿಷಯವೂ ಹೀಗೆಯೇ. ಮೂರು ಅಡಿ ಅಗಲ, ಒಂದೂವರೆ ಅಡಿ ಎತ್ತರದ ಕಿಟಕಿಗೆ 4 ಮಿಲಿಮೀಟರ್ ಗಾಜು ಹಾಕಿದರೆ ಅದರ ತೂಕ ಸುಮಾರು 4.2 ಕಿಲೊ. ಅದೇ ಅಳತೆಯ ಮುಕ್ಕಾಲು ಮಿಲಿಮೀಟರ್ ಪ್ಲಾಸ್ಟಿಕ್ ಹಾಳೆ 400 ಗ್ರಾಂ ತೂಗುತ್ತದೆ. ಹತ್ತು ಪಟ್ಟು ಭಾರವನ್ನು ಬಟ್ಟೆ ಹೊರಬೇಕು. ನಿಂತಲ್ಲಿ ಹೊತ್ತೀತು, ಹಳ್ಳಿಯ ಹಾದಿಯ ಗುಂಡಿಗಳಲ್ಲಿ ಜೀಪು ಎಗರಿದಾಗ ಹೊಲಿಗೆಯ ಮೇಲೆ ಬೀಳುವ ಜಗ್ಗು ಇನ್ನೂ ಎಷ್ಟೋ ಪಟ್ಟು. ಗಾಜನ್ನು ಬಟ್ಟೆಗೆ ಹೊಲಿಯಲಾಗದು. ಅಂಟಿನಿಂದ ಹಿಡಿಸಬೇಕು, ಇಲ್ಲವೇ ಕಬ್ಬಿಣದ ಚೌಕಟ್ಟು ಮಾಡಿಸಿ ರಬ್ಬರ್ ಬೀಡಿಂಗಿನಲ್ಲಿ ಕೂರಿಸಬೇಕು. ಬಿಸಿಲುಂಡು ಸವೆದ ಬಟ್ಟೆಯನ್ನು ಅಂಟು ಸರಿಯಾಗಿ ಹಿಡಿಯುವುದಿಲ್ಲ. ಒಂದು ಮೂಲೆ ಬಿಟ್ಟುಕೊಂಡರೆ ಗಾಳಿ ಒಳನುಗ್ಗಿ ಉಳಿದ ಮೂರನ್ನೂ ಬಿಡಿಸುತ್ತದೆ. ನಾಲ್ಕು ಕಿಲೊ ಗಾಜು ಓಡುವ ಜೀಪಿನಿಂದ ಕಳಚಿದರೆ ಹಿಂದೆ ಬರುವ ಬೈಕಿನವನ ಗತಿ ಏನೆಂದು ಯೋಚಿಸಬೇಕು. ಚೌಕಟ್ಟಿನ ದಾರಿ ಭದ್ರ, ಆದರೆ ಚೌಕಟ್ಟನ್ನು ಹುಡ್ಡಿನ ಪೈಪಿಗೆ ಬಿಗಿದರೆ ಪರದೆ ಸುತ್ತುವ ಸೌಕರ್ಯ ಹೋಯಿತು.

ನಡುವಿನ ದಾರಿಯೆಂದು ಪಾಲಿಕಾರ್ಬೊನೇಟ್, ಅಕ್ರಿಲಿಕ್ ಹಾಳೆಗಳನ್ನು ತೋರಿಸುವವರಿದ್ದಾರೆ. ಅಕ್ರಿಲಿಕ್ ಬಿಸಿಲನ್ನು ಚೆನ್ನಾಗಿ ತಾಳುತ್ತದೆ, ಪೆಟ್ಟಿಗೆ ಬಿರುಕು ಬಿಡುತ್ತದೆ. ಪಾಲಿಕಾರ್ಬೊನೇಟ್ ಕಲ್ಲೇಟಿಗೂ ಜಗ್ಗದು, ಆದರೆ ಬೇಗ ಗೀರುಬೀಳುತ್ತದೆ. ನೇರಳಾತೀತ ಕಿರಣ ತಡೆಯುವ ಲೇಪನವಿಲ್ಲದಿದ್ದರೆ ಹಳದಿಯಾಗುತ್ತದೆ. ಲೇಪನ ಒಂದೇ ಕಡೆ ಇರುವ ಹಾಳೆಯಾದರೆ ಆ ಕಡೆ ಹೊರಗೆ ಬರಬೇಕು, ತಿರುಗಿಸಿ ಕೂರಿಸಿದರೆ ಕೊಟ್ಟ ದುಡ್ಡು ದಂಡ. ಬಿಸಿಲಿಗೆ ಇದು ಗಾಜಿಗಿಂತ ಏಳೆಂಟು ಪಟ್ಟು ಹೆಚ್ಚು ಹಿಗ್ಗುವುದರಿಂದ, ಮೂರಡಿ ಹಾಳೆ ಬೆಳಗಿನ ತಂಪಿಗೂ ಮಧ್ಯಾಹ್ನದ ಬಿಸಿಗೂ ನಡುವೆ ಸುಮಾರು 2 ಮಿಲಿಮೀಟರ್ ಬೆಳೆಯಬಹುದು. ಸ್ಕ್ರೂ ತೂತುಗಳನ್ನು ಬಿಗಿಯಾಗಿ ಕೊರೆದರೆ ಅಲ್ಲಿಂದಲೇ ಬಿರುಕು ಶುರು. ಪರದೆ ಸುತ್ತುವ ಅಗತ್ಯವೇ ಇಲ್ಲದ ಜೀಪಿಗೆ ಇದು ಆಗಬಹುದು, ಸುತ್ತುವ ಜೀಪಿಗೆ ಆಗದು.

ಇನ್ನು ಲೆಕ್ಕ. ದರಗಳು ಊರಿಂದ ಊರಿಗೆ ಬೇರೆ. ಲೆಕ್ಕದ ದಾರಿ ಮಾತ್ರ ಒಂದೇ. ಪ್ಲಾಸ್ಟಿಕ್ ಕಿಟಕಿ ಬದಲಿಸಲು ಹಾಳೆ, ಕೂಲಿ ಸೇರಿ 1,000 ರೂಪಾಯಿ ಎಂದೂ ಅದು 2 ವರ್ಷ ಬಾಳುತ್ತದೆ ಎಂದೂ ಇಟ್ಟುಕೊಳ್ಳೋಣ. ಗಾಜಿಗೆ ಚೌಕಟ್ಟು, ಬೀಡಿಂಗ್, ಓಡಾಟ ಎಲ್ಲ ಸೇರಿ 5,000, ಬಾಳಿಕೆ 10 ವರ್ಷ. ಎರಡೂ ವರ್ಷಕ್ಕೆ 500 ರೂಪಾಯಿಯೇ ಆದವು. ಕೂಡಿಕಳೆದು ನೋಡಿದವರು ಸಮವಾಯಿತು, ಹಾಗಿದ್ದ ಮೇಲೆ ಗಾಜೇ ಮೇಲು ಎನ್ನುತ್ತಾರೆ. ಆದರೆ ಸುತ್ತಲಿನ ಬಟ್ಟೆ ಇನ್ನು 2 ವರ್ಷಕ್ಕೆ ಹೋಗುವಂತಿದ್ದರೆ? ಅದಕ್ಕೆ ಕೂರಿಸಿದ ಗಾಜೂ ಬಟ್ಟೆಯ ಜೊತೆಗೇ ಹೋಗುತ್ತದೆ. 5,000 ರೂಪಾಯಿ 2 ವರ್ಷಕ್ಕೆ ಕರಗಿ ವರ್ಷಕ್ಕೆ 2,500 ಬಿತ್ತು. ಅದೇ ಗಾಜನ್ನು ಹೊಸ ಹುಡ್ ಹೊಲಿಸುವ ದಿನವೇ ಹಾಕಿಸಿದರೆ ಬಿಚ್ಚುವ ಹೊಲಿಯುವ ಕೂಲಿ ಎರಡು ಸಲ ಬೀಳುವುದಿಲ್ಲ, ಹೊಸ ಬಟ್ಟೆಗೆ ಭಾರ ಹೊರುವ ಪಟ್ಟಿಯನ್ನೂ ಕೂಡಿಸಿ ಹೊಲಿಯಬಹುದು. ಅಂಕಿಗಳನ್ನು ತಮ್ಮ ಊರಿನ ದರಕ್ಕೆ ತಕ್ಕಂತೆ ಬದಲಿಸಿಕೊಂಡರೂ ತೀರ್ಮಾನ ಬದಲಾಗದು. ಗಾಜಿನ ಬಾಳಿಕೆ ಬಟ್ಟೆಯ ಬಾಳಿಕೆಯನ್ನು ದಾಟಿದಷ್ಟೂ ಆ ಹೆಚ್ಚಿನ ವರ್ಷಗಳಿಗೆ ಕೊಟ್ಟ ದುಡ್ಡು ನಷ್ಟ.

ಬಟ್ಟೆಗೆ ಇನ್ನೆಷ್ಟು ವರ್ಷವಿದೆ ಎಂದು ತಿಳಿಯುವುದು ಕಷ್ಟವಲ್ಲ. ಹುಡ್ಡಿನ ನೆತ್ತಿಯ ಭಾಗವನ್ನು, ಅಂದರೆ ನೇರ ಬಿಸಿಲು ಬೀಳುವ ಕಡೆ, ಎರಡು ಬೆರಳಲ್ಲಿ ಚಿವುಟಿ ಮಡಚಬೇಕು. ಮಡಿಕೆಯಲ್ಲಿ ಮೇಲಿನ ಲೇಪ ಬಿರಿದು ಒಳಗಿನ ನೂಲು ಕಂಡರೆ ಆ ಬಟ್ಟೆಗೆ ಗಾಜು ಹಾಕಿಸಬಾರದು. ಐಲೆಟ್ ತೂತುಗಳು ಹಿಗ್ಗಿ ಉದ್ದವಾಗಿದ್ದರೂ ಅಷ್ಟೆ.

ಆಟೊಗಳ ಮಾತು ಬೇರೆ. ಅವುಗಳ ಹುಡ್ಡಿನ ಹಿಂಗಿಟಕಿ ಚಿಕ್ಕದು, ಹಾಳೆಯ ಖರ್ಚೂ ಚಿಕ್ಕದು, ಗಾಜಿನ ಯೋಚನೆಯೇ ಅಲ್ಲಿ ಬೇಡ. ಅಲ್ಲಿನ ತೊಂದರೆ ಕಿಟಕಿಯ ಮೇಲೆ ಅಂಟಿಸುವ ಚಿತ್ರಗಳದ್ದು. 1980ರ ‘ಆಟೋ ರಾಜ’ ಚಿತ್ರದಿಂದ ಆಟೊ ಚಾಲಕರ ಮನೆಯವರೇ ಆಗಿಹೋದ ಶಂಕರ್ ನಾಗ್ ಅವರ ಚಿತ್ರ ಇಂದಿಗೂ ಎಷ್ಟೋ ಆಟೊಗಳ ಬೆನ್ನ ಮೇಲಿದೆ. ಆ ಪ್ರೀತಿ ದೊಡ್ಡದು. ಹುಡ್ಡಿನ ಬಟ್ಟೆಯ ಮೇಲೆ ಅದಕ್ಕೆ ಬೇಕಾದಷ್ಟು ಜಾಗವಿದೆ, ಕಿಟಕಿಯನ್ನು ಬಿಟ್ಟುಕೊಡಬೇಕು. ಜೀಪಿನ ಹಿಂದಿನ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನಂತೂ ಸುಪ್ರೀಂ ಕೋರ್ಟ್ 2012ರ ಏಪ್ರಿಲ್ 27ರ ತೀರ್ಪಿನಲ್ಲೇ ನಿಷೇಧಿಸಿದೆ. ಹುಡ್ ತೆಗೆದು ಗಟ್ಟಿ ಟಾಪನ್ನೇ ಕೂರಿಸುವ ಯೋಚನೆಯಿದ್ದರೆ, ಅದು ವಾಹನದ ರೂಪ ಬದಲಿಸಿದಂತೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡಬರುತ್ತದೆ, ಕೈ ಹಾಕುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಬೇಕು.

ಪ್ಲಾಸ್ಟಿಕ್ಕನ್ನೇ ಉಳಿಸಿಕೊಳ್ಳುವವರು ಅದರ ಆಯುಸ್ಸನ್ನು ಖರ್ಚಿಲ್ಲದೆ ಬೆಳೆಸಬಹುದು. ಮೊದಲು ನೀರು ಸುರಿದು ದೂಳು ಇಳಿಸಬೇಕು, ಆಮೇಲೆ ಮೆತ್ತನೆಯ ಒದ್ದೆ ಬಟ್ಟೆ, ಬೇಕಾದರೆ ಎರಡು ತೊಟ್ಟು ಶಾಂಪೂ. ಪೆಟ್ರೋಲ್, ಸೀಮೆಎಣ್ಣೆ, ಥಿನ್ನರ್ ತಾಗಿಸಲೇಬಾರದು. ಅವು ಮೆತುಕಾರಿಯನ್ನೇ ಎಳೆದು ತೆಗೆಯುತ್ತವೆ. ಎಣ್ಣೆ ಸವರಿದರೆ ಗೀರು ಒಂದು ದಿನ ಮರೆಯಾಗುತ್ತದೆ, ಮಾರನೆಯ ದಿನ ಅದೇ ಎಣ್ಣೆ ದೂಳನ್ನು ಹಿಡಿದಿಡುತ್ತದೆ. ಚಳಿಗಾಲದ ಬೆಳಗಿನಲ್ಲಿ ಹಾಳೆ ಬಿರುಸಾಗಿದ್ದಾಗ ಪರದೆ ಸುತ್ತಬಾರದು, ಬಿಸಿಲೇರಲು ಬಿಡಬೇಕು. ಸುತ್ತುವಾಗ ನಡುವೆ ಒಂದು ಹಳೆಯ ಪಂಚೆಯ ತುಂಡು ಇಟ್ಟರೆ ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಉಜ್ಜುವುದಿಲ್ಲ. ನಿಲ್ಲಿಸುವಾಗ ಜೀಪಿನ ಹಿಂಭಾಗ ಪಡುವಣಕ್ಕೆ ಬಾರದಂತೆ, ಹೊಂಗೆಯದೋ ಹುಣಸೆಯದೋ ನೆರಳಿಗೆ ನಿಲ್ಲಿಸಿದರೆ ಮಧ್ಯಾಹ್ನದ ಬಿಸಿಲು ತಪ್ಪುತ್ತದೆ. ರೆಕ್ಸಿನ್ ಪಟ್ಟಿಯಡಿ ತಿಳಿಯಾಗಿ ಉಳಿದ ಆ ಬೆರಳಗಲದ ಪ್ಲಾಸ್ಟಿಕ್ಕೇ ನೆರಳಿನ ಬೆಲೆಗೆ ಸಾಕ್ಷಿ.

ಪರದೆ ಸುತ್ತಿ ದುಡಿಯುವ ಜೀಪಿಗೆ ಪ್ಲಾಸ್ಟಿಕ್ಕೇ ಸರಿ, ಅದನ್ನು ಎರಡು ವರ್ಷಕ್ಕೊಮ್ಮೆ ಬದಲಿಸುವುದು ದುಂದಲ್ಲ. ಹುಡ್ ಬಿಚ್ಚದೆ ಊರಿಂದೂರಿಗೆ ರಾತ್ರಿ ಹೊತ್ತೂ ಓಡುವ ಜೀಪಿಗೆ ಚೌಕಟ್ಟಿನ ಟಫನ್ಡ್ ಗಾಜು ತಕ್ಕದ್ದು, ಆದರೆ ಹೊಸ ಹುಡ್ ಹೊಲಿಸುವ ದಿನವೇ ಹೊರತು ಅದಕ್ಕೆ ಮೊದಲಲ್ಲ. ಯಾವುದನ್ನೇ ಆರಿಸಲಿ, ದುಡ್ಡು ಕೂಡಿಬರುವವರೆಗೆ ಮಂಜುಗಟ್ಟಿದ ಕಿಟಕಿಯಲ್ಲೇ ಓಡಿಸುತ್ತಿರುವುದು ಬೇಡ. ಅಷ್ಟು ದಿನಕ್ಕೆ ಎರಡೂ ಬದಿಗೆ ಒಳ್ಳೆಯ ಕನ್ನಡಿಗಳನ್ನಾದರೂ ಇಂದೇ ಹಾಕಿಸಿಕೊಳ್ಳಿ.